ಎಂಜಿನ್ ಮಾತು: ಗುರುತೇ ಜಾರಿದರೆ ಲೈಟ್ ಏನು ಮಾಡೀತು?

ಪ್ರಶ್ನೆ: ಹೋದ ವರ್ಷ ಇಲ್ಲಿನ ಒಬ್ಬ ರೈತರಿಂದ ಹಳೆಯ ಜೆಟ್ ಬೋಟ್ (ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿ ಓಡುವ ಬೋಟ್) ಕೊಂಡೆ. ನಾಲ್ಕು ಮೀಟರ್ ಉದ್ದ, ಒಳಗೆ ಹೋಲ್ಡನ್ 202, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ವೈಮಕರಿರಿ ನದಿಯಲ್ಲಿ ಫುಲ್ ಥ್ರಾಟಲ್ ಕೊಟ್ಟರೆ ಮೊದಲು 4,200 ಆರ್‌ಪಿಎಂ ಬರುತ್ತಿತ್ತು. ಈಗ 3,400 ದಾಟುವುದಿಲ್ಲ. ಎಂಜಿನ್ ಬಿಸಿಯೂ ಜಾಸ್ತಿ. ಪ್ಲಗ್, ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿದೆ. ಟೈಮಿಂಗ್ ಲೈಟ್ (ಕಿಡಿ ಬೀಳುವ ಕ್ಷಣಕ್ಕೆ ಮಿನುಗಿ ಪುಲ್ಲಿಯ ಮೇಲಿನ ಗುರುತು ತೋರಿಸುವ ದೀಪ) ಹಿಡಿದರೆ ಕೈಪಿಡಿಯಲ್ಲಿರುವ 6 ಡಿಗ್ರಿಯೇ ತೋರಿಸುತ್ತದೆ. ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಹೋಗಿದೆ, ಜೆಟ್ ಯೂನಿಟ್ ಬಿಚ್ಚು ಅಂತ ಗೆಳೆಯರು ಹೇಳುತ್ತಾರೆ. ಬಿಚ್ಚಲಾ?
— ಓದುಗರು, ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್

ಉತ್ತರ: ಸದ್ಯಕ್ಕೆ ಬಿಚ್ಚಬೇಡಿ. ಇಂಪೆಲ್ಲರ್ ಸವೆದರೆ, ಅಥವಾ ಕೆಳಗಿನ ಜಾಲರಿಗೆ ಕಲ್ಲು ಕಟ್ಟಿಕೊಂಡರೆ, ಎಂಜಿನ್ ಮೇಲಿನ ಭಾರ ಕಡಿಮೆಯಾಗುತ್ತದೆ. ಆಗ ಆರ್‌ಪಿಎಂ ಸಾಮಾನ್ಯವಾಗಿ ಏರುತ್ತದೆ, ಬೋಟು ಮಾತ್ರ ಹೋಗುವುದಿಲ್ಲ. ನಿಮ್ಮದರಲ್ಲಿ ಆರ್‌ಪಿಎಂ ಇಳಿದಿದೆ. ಅಂದರೆ ಜೆಟ್ ನೀರು ಹಿಡಿಯುತ್ತಿದೆ, ಎಂಜಿನ್ನಿಗೆ ಅದನ್ನು ತಿರುಗಿಸುವ ಶಕ್ತಿ ಸಾಲುತ್ತಿಲ್ಲ. ಪೆಟ್ರೋಲ್ ಸರಿಯಾಗಿ ಬರದಿದ್ದರೂ ಹೀಗೆ ಆಗಬಹುದು. ಆದರೆ ನನ್ನ ಮೊದಲ ಅನುಮಾನ ಟೈಮಿಂಗ್ ಮೇಲೆ, ಅಂದರೆ ಕಿಡಿ ಬೀಳುವ ಹೊತ್ತಿನ ಮೇಲೆ, ಯಾಕಂದ್ರೆ ಅದನ್ನು ನೋಡೋಕೆ ದುಡ್ಡು ಬೇಡ.

ಲೈಟ್ 6 ಡಿಗ್ರಿ ತೋರಿಸುತ್ತದೆ ಅಂತೀರಿ, ಅಲ್ವಾ? ಲೈಟ್ ಸುಳ್ಳು ಹೇಳುವುದಿಲ್ಲ. ಅದು ತೋರಿಸುವ ಗುರುತು ಸುಳ್ಳು ಹೇಳಬಹುದು.

ನಾನು ಮಲ್ಪೆಯಲ್ಲಿ ಕೆಲಸ ಕಲಿತು, ಆಮೇಲೆ ಹನ್ನೊಂದು ವರ್ಷ ನಿಮ್ಮ ಊರಲ್ಲೇ ಗ್ಯಾರೇಜಿನಲ್ಲಿದ್ದವನು. ಅಲ್ಲಿ ಇಂಥದ್ದೇ ಒಂದು ಬೋಟಿಗೆ ಮೂರು ವಾರಾಂತ್ಯ ಕಳೆದಿದ್ದೇನೆ. ಕಾರ್ಬೊರೇಟರ್ ಎರಡು ಸಲ ಬಿಚ್ಚಿದೆ. ಕೊನೆಗೆ ಗೊತ್ತಾಗಿದ್ದು ಏನು ಅಂದ್ರೆ, ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಮುಂದಿರುವ ಪುಲ್ಲಿ, ಅದೇ ಹಾರ್ಮೋನಿಕ್ ಬ್ಯಾಲೆನ್ಸರ್, ಎರಡು ತುಂಡಿನದು. ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್. ಟೈಮಿಂಗ್ ಗುರುತು ಇರುವುದು ಹೊರಗಿನ ಬಳೆಯ ಮೇಲೆ. ನಲವತ್ತು ವರ್ಷದ ರಬ್ಬರ್ ಎಣ್ಣೆ ಕುಡಿದು, ಒಣಗಿ, ಹಿಡಿತ ಬಿಟ್ಟಿತ್ತು. ಬಳೆ ತನ್ನಷ್ಟಕ್ಕೆ ಜಾರಿತ್ತು. ಒಳಗಿನ ಕ್ರ್ಯಾಂಕ್ ಒಂದು ಕಡೆ, ಹೊರಗಿನ ಗುರುತು ಇನ್ನೊಂದು ಕಡೆ.

ನೀವೂ ನೋಡಿ. ಬ್ಯಾಟರಿ ವೈರ್ ಕಳಚಿ, ಎಲ್ಲಾ ಪ್ಲಗ್ ಬಿಚ್ಚಿ. ಹಳೆಯ ಪ್ಲಗ್ಗಿನ ಒಳಗಿನ ಪಿಂಗಾಣಿ ಒಡೆದು ತೆಗೆದು, ಅದರಲ್ಲಿ ಮೊಂಡು ತುದಿಯ ಒಂದು ಬೋಲ್ಟ್ ಕೂರಿಸಿದರೆ ಪಿಸ್ಟನ್ ತಡೆಯುವ ಗೂಟ ಸಿದ್ಧ. ಅದನ್ನು ಒಂದನೇ ಸಿಲಿಂಡರಿಗೆ ತಿರುಗಿಸಿ ಹಾಕಿ. ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನಕ್ಕೆ ತಿರುಗಿಸಿ, ಪಿಸ್ಟನ್ ಗೂಟಕ್ಕೆ ಮುಟ್ಟಿದಾಗ ನಿಲ್ಲಿಸಿ. ಸ್ಟಾರ್ಟರ್ ಮುಟ್ಟಲೇಬೇಡಿ, ಪಿಸ್ಟನ್ ಒಡೆಯುತ್ತದೆ. ಎಂಜಿನ್ನಿಗೆ ಕೂತಿರುವ ಪಾಯಿಂಟರ್ ಎದುರಿಗೆ ಬಳೆಯ ಮೇಲೆ ಚಾಕ್‌ನಲ್ಲಿ ಗೆರೆ ಎಳೆಯಿರಿ. ಈಗ ಹಿಂದಕ್ಕೆ ತಿರುಗಿಸಿ, ಮತ್ತೆ ಮುಟ್ಟಿದಾಗ ಇನ್ನೊಂದು ಗೆರೆ. ಎರಡು ಗೆರೆಗಳ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ, ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ. ಕಾರ್ಖಾನೆಯ ಸೊನ್ನೆ ಗುರುತು ಅದರ ಮೇಲೆ ಕೂತರೆ ಬಳೆ ಸರಿಯಿದೆ.

ನಾನು ನೋಡಿದ ಬೋಟಿನಲ್ಲಿ 18 ಮಿಲಿಮೀಟರ್ ವ್ಯತ್ಯಾಸ ಇತ್ತು. ದರ್ಜಿ ಟೇಪಿನಲ್ಲಿ ಅಳೆದರೆ ಬಳೆಯ ಸುತ್ತಳತೆ 540 ಮಿಲಿಮೀಟರ್. 360ರಿಂದ ಭಾಗಿಸಿ, ಒಂದು ಡಿಗ್ರಿಗೆ ಒಂದೂವರೆ ಮಿಲಿಮೀಟರ್. ಅಂದರೆ 12 ಡಿಗ್ರಿ ತಪ್ಪು. ಪಿಸ್ಟನ್ ಮೇಲೆ ಬರುವುದಕ್ಕೆ 6 ಡಿಗ್ರಿ ಮೊದಲು ಕಿಡಿ ಅಂತ ನಾವು ಅಂದುಕೊಂಡಿದ್ದೆವು. ನಿಜಕ್ಕೂ ಅದು ಇಳಿಯಲು ಶುರುಮಾಡಿ 6 ಡಿಗ್ರಿ ಆದ ಮೇಲೆ ಬೀಳುತ್ತಿತ್ತು. ಶಕ್ತಿ ಎಲ್ಲಿಂದ ಬರಬೇಕು? ಬೆಂಕಿಯ ಅರ್ಧ ಕಾವು ಎಕ್ಸಾಸ್ಟಿಗೆ ಹೋಗುತ್ತಿತ್ತು.

ಬಳೆ ಜಾರಿದ್ದರೆ ಹೊಸ ಬ್ಯಾಲೆನ್ಸರ್ ಹಾಕಿ. ಹೊಸ ಗುರುತು ಬಳಿದು ಓಡಿಸಬೇಡಿ, ಬಳೆ ಇವತ್ತು ಜಾರಿದ್ದು ನಾಳೆ ಹಾರೀತು. ಪುಲ್ಲರನ್ನು (ಎಳೆದು ಕಳಚುವ ಸಾಧನ) ಒಳಗಿನ ಗುಂಬಕ್ಕೆ ಹಿಡಿಸಿ ತೆಗೆಯಿರಿ. ಹೊಸದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ.

ಬಳೆ ಸರಿಯಿದ್ದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿ, ನಮ್ಮ ಗ್ಯಾರೇಜ್ ಮಾತಲ್ಲಿ ಡೆಲ್ಕೋ. ಮುಚ್ಚಳ ತೆಗೆದು ಒಳಗೆ ತಿರುಗುವ ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುಚಿ ಬಿಡಿ. ಟಕ್ ಅಂತ ವಾಪಸ್ ಬರಬೇಕು. ಅಂಟಂಟಾಗಿ ಬಂದರೆ, ಅಥವಾ ಅಲುಗದೇ ಇದ್ದರೆ, ಒಳಗಿನ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದಿವೆ. ವೇಗ ಏರಿದಂತೆ ಕಿಡಿ ಮುಂದಕ್ಕೆ ಬರಬೇಕು, ಅದು ಬರುತ್ತಿಲ್ಲ ಅಂತ ಅರ್ಥ. ಸುಮ್ನೆ ನಿಂತಾಗಿನ 6 ಡಿಗ್ರಿ ಆಗ ಯಾವ ಪ್ರಯೋಜನಕ್ಕೂ ಇಲ್ಲ. ಬಿಚ್ಚಿ, ತೊಳೆದು, ಒಂದೆರಡು ಹನಿ ಎಣ್ಣೆ ಬಿಡಿ. ಡಿಸ್ಟ್ರಿಬ್ಯೂಟರನ್ನೇ ಬದಲಿಸುವುದಾದರೆ ಕಾರಿನದು ಬೇಡ, ಬೋಟಿನದೇ ಬೇಕು. ಅದರ ಕಿಡಿ ಹೊರಗೆ ಬರುವುದಿಲ್ಲ, ನಿಮ್ಮ ಬೋಟಿನ ತಳದಲ್ಲಿ ಪೆಟ್ರೋಲ್ ಆವಿ ಕೂತಿರುತ್ತದೆ.

ಹೋಲ್ಡನ್ನಿನ ಇನ್ನೊಂದು ಚಾಳಿ ಅದರ ಕ್ಯಾಮ್ ಗೇರ್. ಕ್ರ್ಯಾಂಕಿನ ತಿರುವನ್ನು ಡಿಸ್ಟ್ರಿಬ್ಯೂಟರಿನ ಕಡೆಗೆ ಒಯ್ಯುವುದು ಅದೇ. ಅದು ಫೈಬರಿನದು, ಹಲ್ಲು ಸವೆಯುತ್ತದೆ. ಕ್ರ್ಯಾಂಕನ್ನು ಆ ಕಡೆ ಈ ಕಡೆ ಆಡಿಸಿ. ರೋಟರ್ ಹಿಂಬಾಲಿಸಲು ತುಂಬಾ ತಡಮಾಡಿದರೆ ಮುಂದಿನ ಕವರ್ ತೆಗೆಯಬೇಕಾದೀತು.

ಕೊನೆಗೆ ಲೈಟ್ ಹಿಡಿಯುವಾಗ ಬೋಟನ್ನು ಟ್ರೇಲರಿಗೆ ಬಿಗಿದು, ಟ್ರೇಲರ್ ಸಮೇತ ನೀರಿಗಿಳಿಸಿ. ಒಣನೆಲದಲ್ಲಿ ಓಡಿಸಿದರೆ ಜೆಟ್ಟಿನ ಬೇರಿಂಗಿಗೂ ಎಂಜಿನ್ನಿಗೂ ನೀರಿಲ್ಲ. ಕೆಳಗೆ ಜಲ್ಲಿಯಿರುವ ಕಡೆ ಮಾತ್ರ ಬೇಡ. ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ಜೆಟ್ ಬೋಟ್ ಮಾಡಿದ್ದು ನಿಮ್ಮ ಕಡೆಯ ಆಳವಿಲ್ಲದ ನದಿಗಳಿಗೇ ಆದರೂ, ನಿಂತಲ್ಲೇ ರೇಸ್ ಕೊಟ್ಟರೆ ಅದು ಕಲ್ಲನ್ನೂ ಹೀರುತ್ತದೆ.

ಪ್ರಶ್ನೆ: ಅಪ್ಪನ ಕಾಲದ ಪೆಟ್ರೋಲ್ ಜೀಪಿಗೆ ನಮ್ಮ ಮೆಕ್ಯಾನಿಕ್ ಕಿವಿಯಲ್ಲೇ ಟೈಮಿಂಗ್ ಇಡುತ್ತಾರೆ. ಬೋಟಿಗೂ ಹಾಗೆ ಮಾಡಬಹುದಲ್ವಾ?
— ಓದುಗರು, ಕುಂದಾಪುರ

ಉತ್ತರ: ಜೀಪಿಗೆ ನಾನೂ ಹಾಗೇ ಇಟ್ಟಿದ್ದೇನೆ. ಏರು ಹತ್ತುವಾಗ ಎಂಜಿನ್ ಕಿಣಿಕಿಣಿ ಅಂದರೆ ಕಿಡಿ ಬೇಗ ಬೀಳುತ್ತಿದೆ, ಸ್ವಲ್ಪ ಹಿಂದಕ್ಕೆ ತಿರುಗಿಸಿದರಾಯ್ತು. ಜೆಟ್ ಬೋಟ್ ಅಂದ್ರೆ ಇಡೀ ದಿನ ಏರು ಹತ್ತಿದ ಹಾಗೆ, ಇಳಿಜಾರು ಅಂತ ಇಲ್ಲ. ನೀರಿನ ಅಬ್ಬರದಲ್ಲಿ ಆ ಕಿಣಿಕಿಣಿ ಕೇಳಿಸುವುದೂ ಇಲ್ಲ. ಕಿವಿಯನ್ನು ನಂಬಿದ ಒಬ್ಬರ ಪಿಸ್ಟನ್ ನನ್ನ ಮೇಜಿನ ಮೇಲಿದೆ. ನೆತ್ತಿಯಲ್ಲಿ ಕಿರುಬೆರಳು ತೂರುವಷ್ಟು ತೂತು.