ಓದುಗರು ಕೇಳಿದ್ದು: ನಾಯಿ ಬಾಲ, ನಾಯಿಕೊಡೆ, ಕಂತ್ರಿ ಇತ್ಯಾದಿ

ಹೋದ ಸಲ ಪ್ರಾಣಿಗಳ ಹೆಸರಿರೋ ಮಾತುಗಳ ಬಗ್ಗೆ ಕೇಳಿ ಅಂದಿದ್ದೆ. ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ನಾಯಿದೇ, ಹಾಗಾಗಿ ಈ ಸಲ ಜಾಗ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಮೇಡಂ, ನಾಯಿ ಅಂದ್ರೆ ನಿಯತ್ತು ಅಂತೀವಿ, ಮಗು ಥರ ಸಾಕ್ತೀವಿ. ಆದ್ರೆ ಮಾತಲ್ಲಿ ನಾಯಿ ಬಂತು ಅಂದ್ರೆ ಅದು ಬೈಗುಳಾನೇ ಆಗಿರುತ್ತಲ್ಲ, ಯಾಕೆ?

ಉತ್ತರ: ಈ ಮಾತುಗಳನ್ನ ಕಟ್ಟಿದವರ ಕಣ್ಣಿಗೆ ಬಿದ್ದಿದ್ದು ಸೋಫಾ ಮೇಲೆ ಮಲಗೋ ನಾಯಿ ಅಲ್ಲ, ಬೀದಿ ನಾಯಿ. ನಾಯಿ ಪಾಡು ಅಂದ್ರೆ ಹೊತ್ತಿಗೆ ಊಟ ಇಲ್ಲ, ಬಿದ್ಕೊಳ್ಳೋಕೆ ಜಾಗ ಇಲ್ಲ, ಹೋದಲ್ಲೆಲ್ಲ ಹಚಾ ಅನ್ನಿಸ್ಕೊಳ್ಳೋದು. ಅನ್ನ ಹಳಸಿತ್ತು, ನಾಯಿ ಹಸಿದಿತ್ತು ಅಂದ್ರೆ ಇಬ್ಬರಿಗೂ ಬೇರೆ ಗತಿ ಇರ್ಲಿಲ್ಲ, ವ್ಯವಹಾರ ಕುದುರ್ತು ಅಂತ. ನಾಯಿನೂ ಮೂಸಲ್ಲ ಅನ್ನೋದೂ ಅಷ್ಟೇ, ದಾರೀಲಿ ಸಿಕ್ಕಿದ್ದನ್ನೆಲ್ಲ ಮೂಸೋ ಪ್ರಾಣಿನೇ ಮೂಸಲಿಲ್ಲ ಅಂದ್ಮೇಲೆ ಮುಗೀತಲ್ಲ. ನನಗೆ ತುಂಬ ಇಷ್ಟ ಆಗೋದು 'ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಹೊತ್ತಿಲ್ಲ' ಅನ್ನೋದು, ಬೀದಿ ನಾಯಿನ ಒಂದೈದು ನಿಮಿಷ ನೋಡ್ತಾ ನಿಂತ್ಕೊಳ್ಳಿ, ಎಲ್ಲೋ ಅರ್ಜೆಂಟ್ ಕೆಲಸ ಇರೋ ಹಾಗೆ ಓಡುತ್ತೆ, ಕಂಬ ಮೂಸುತ್ತೆ, ಕಾಲೆತ್ತುತ್ತೆ, ಏನೋ ನೆನಪಾದ ಹಾಗೆ ತಿರುಗಿ ಬಂದ ದಾರೀಲೇ ಓಡುತ್ತೆ. ಆಫೀಸಲ್ಲಿ ಲ್ಯಾಪ್‌ಟಾಪ್ ಎದೆಗೊತ್ಕೊಂಡು ಮೀಟಿಂಗ್ ಮೀಟಿಂಗ್ ಅಂತ ಓಡಾಡೋರನ್ನ ನೋಡಿದಾಗೆಲ್ಲ ಇದೇ ಬಾಯಿಗೆ ಬರುತ್ತೆ. ಅವರಿಗೆ ಕೆಲಸ ಹೇಳಿದ್ರೆ ಮುಂದಿನ ಗಾದೆ ರೆಡಿ: ನಾಯಿಗೆ ಹೇಳಿದ್ರೆ ಅದು ಬಾಲಕ್ಕೆ ಹೇಳ್ತಂತೆ.

ಇನ್ನು ನಿಯತ್ತು. 'ನಾಯಿಗಿರೋ ನಿಯತ್ತೂ ನಿಂಗಿಲ್ಲ' ಅಂತೀವಲ್ಲ, ಅದರಲ್ಲಿ ಹೊಗಳಿಕೆ ಎಲ್ಲಿದೆ ಹೇಳಿ? ನಾಯಿ ಅಷ್ಟು ಕೆಳಗೆ, ನೀನು ಅದಕ್ಕಿಂತ ಕೆಳಗೆ ಅಂತ ತಾನೆ ಅರ್ಥ. ಹೊಗಳೋಕೆ ಹೋದ್ರೂ ಅದು ಬೈಗುಳಕ್ಕೇ ತಿರುಗುತ್ತೆ.

ಪ್ರಶ್ನೆ: ಕಲ್ಲು ಕಂಡ್ರೆ ನಾಯಿ ಇಲ್ಲ, ನಾಯಿ ಕಂಡ್ರೆ ಕಲ್ಲಿಲ್ಲ. ಇದು ವೇದಾಂತದ ಮಾತು ಅಂತ ಯಾರೋ ಹೇಳಿದ್ರು, ಹೌದಾ?

ಉತ್ತರ: ಎರಡು ಅರ್ಥ ಹೇಳ್ತಾರೆ. ಒಂದು ಎಲ್ಲರಿಗೂ ಗೊತ್ತಿರೋದು, ಬೇಕಾದಾಗ ಬೇಕಾದ್ದು ಸಿಗಲ್ಲ. ಇನ್ನೊಂದು, ಕಲ್ಲಲ್ಲಿ ಕೆತ್ತಿದ ನಾಯಿನ ನಾಯಿ ಅಂತ ನೋಡ್ತಿರೋವರೆಗೂ ಕಲ್ಲು ಕಾಣಲ್ಲ, ಕಲ್ಲು ಅಂತ ನೋಡಿದ ತಕ್ಷಣ ನಾಯಿ ಮಾಯ. ಮಾತು ಚೆನ್ನಾಗಿದೆ, ಇಲ್ಲ ಅನ್ನಲ್ಲ, ಆದ್ರೆ ನನ್ನ ಓಟು ಮೊದಲನೇದಕ್ಕೆ. ಅಟ್ಟಿಸ್ಕೊಂಡು ಬರೋ ನಾಯಿ ಎದುರು ಬರಿಗೈಲಿ ಬಗ್ಗಿ ಕಲ್ಲು ಹೆಕ್ಕೋ ಥರ ಆಕ್ಟಿಂಗ್ ಮಾಡಿದೋರಿಗೆ ಈ ಗಾದೆಗೆ ವ್ಯಾಖ್ಯಾನ ಬೇಕಾಗಲ್ಲ. ತಮಿಳಿನಲ್ಲೂ ಇದೇ ಗಾದೆ ಇದೆ.

ಪ್ರಶ್ನೆ: ಕಂತ್ರಿ ಅನ್ನೋದು ಕನ್ನಡ ಪದಾನಾ?

ಉತ್ತರ: ಈಗ ಕನ್ನಡದ್ದೇ, ಹುಟ್ಟಿದ್ದು ಮಾತ್ರ ಇಂಗ್ಲಿಷಿನ ಕಂಟ್ರಿಯಿಂದ. ಬ್ರಿಟಿಷರು ಇಲ್ಲಿ ಸಿಗೋದಕ್ಕೆಲ್ಲ ಕಂಟ್ರಿ ಅಂತ ಹಚ್ಚೋರು, ಹಡಗಲ್ಲಿ ಬಂದಿದ್ದು ಮೇಲು, ಇಲ್ಲೀದು ಸ್ವಲ್ಪ ಕಮ್ಮಿ ಅನ್ನೋ ಧಾಟೀಲಿ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲೇ ಈ ಪದದಲ್ಲಿ ಒಂದು ತಾತ್ಸಾರ ಇದೆ ಅಂತ ಬರೆದಿದೆ. ಕಂಟ್ರಿ ಲಿಕ್ಕರ್ ಅಂತ ಈಗಲೂ ಅಂತೀವಲ್ಲ, ಅದೇ ಕಂಟ್ರಿ. ಅದು ನಾಯಿಗೆ ಅಂಟ್ಕೊಂಡು ಕಂತ್ರಿ ಆಯ್ತು, ಆಮೇಲೆ ನಾಯಿ ಬಿಟ್ಟುಹೋಗಿ ಮನುಷ್ಯರಿಗೆ ಬಂತು, ಕಂತ್ರಿ ಬುದ್ಧಿ, ಕಂತ್ರಿ ನನ್ಮಗ. ಅಂದ್ರೆ ಇದೇ ನೆಲದ ನಾಯಿನ ಇದೇ ನೆಲದವರು ಇಂಗ್ಲಿಷರ ತಾತ್ಸಾರದಲ್ಲಿ ಬೈತಿದೀವಿ, ಎದುರಿಗೆ ಫಾರಿನ್ ತಳಿಗೆ 'ಜಾತಿ ನಾಯಿ' ಅಂತ ಮರ್ಯಾದೆ ಬೇರೆ!

ಪ್ರಶ್ನೆ: ನಾಯಿಕೊಡೆ ಅಂತ ಯಾಕಂತಾರೆ? ನಾಯಿಕೆಮ್ಮು ನಾಯಿಯಿಂದ ಬರುತ್ತಾ?

ಉತ್ತರ: ಕೆಮ್ಮಿಂದು ಮೊದಲು ಹೇಳ್ಬಿಡ್ತೀನಿ. ಬರಲ್ಲ. ಅದು ಪರ್ಟುಸಿಸ್ ಅನ್ನೋ ಕಾಯಿಲೆ, ಬ್ಯಾಕ್ಟೀರಿಯಾದಿಂದ ಬರೋದು, ಮನುಷ್ಯರಿಂದ ಮನುಷ್ಯರಿಗೇ ಹರಡೋದು. ಮಕ್ಕಳಿಗೆ ಹಾಕಿಸೋ ಡಿಪಿಟಿ ಲಸಿಕೇಲಿ ನಡುವಿನ 'ಪಿ' ಅದೇ. ಉಸಿರು ಕಟ್ಟೋ ಹಾಗೆ ಒಂದೇ ಸಮ ಕೆಮ್ಮೋದು ಬೊಗಳಿದ ಥರ ಕೇಳುತ್ತೆ ಅಂತ ಆ ಹೆಸರು.

ಕೊಡೆ ವಿಷಯ ಬೇರೆ. ಗಿಡಗಳ ಹೆಸರಿನ ಮುಂದೆ ನಾಯಿ ಬಂದ್ರೆ 'ಅದರ ಥರಾನೇ ಇದೆ, ಅದಲ್ಲ' ಅಂತ ಅರ್ಥ. ಸಾಸಿವೆ ಥರ ಕಾಳು ಬಿಡೋ ಕಳೆ ಗಿಡ ನಾಯಿಸಾಸಿವೆ, ಪೂಜೆಗೆ ಇಡದ ಕಾಡು ತುಳಸಿ ನಾಯಿತುಳಸಿ, ಕೊಡೆ ಥರ ಇದ್ದು ಯಾರಿಗೂ ನೆರಳು ಕೊಡದ ಅಣಬೆ ನಾಯಿಕೊಡೆ. ಇಂಗ್ಲಿಷಲ್ಲೂ ಪರಿಮಳ ಇಲ್ಲದ ವಯೊಲೆಟ್ ಹೂವಿಗೆ ಡಾಗ್ ವಯೊಲೆಟ್ ಅಂತಾರೆ, ಬುದ್ಧಿ ಎಲ್ಲ ಕಡೆ ಒಂದೇ. ಪೇಪರ್‌ನವರಿಗಂತೂ ಕೋಚಿಂಗ್ ಸೆಂಟರ್, ಕ್ಲಿನಿಕ್ಕು, ಲೇಔಟು ಏನೇ ಜಾಸ್ತಿ ಆದ್ರೂ ಅದು ನಾಯಿಕೊಡೆ ಥರಾನೇ ತಲೆ ಎತ್ತಬೇಕು, ದಯವಿಟ್ಟು ಬೇರೆ ಏನಾದ್ರೂ ಹುಡುಕ್ರಪ್ಪಾ.

ಪ್ರಶ್ನೆ: ಬಾಲ ಬಿಚ್ಚಬೇಡ ಅಂತಾರಲ್ಲ, ಅದೂ ನಾಯಿದೇನಾ?

ಉತ್ತರ: ಕೋತಿದೂ ಇರಬಹುದು, ಜಗಳ ಬೇಡ. ಆದ್ರೆ ಹೆದರಿದಾಗ ಬಾಲ ಮುದುರ್ಕೊಳ್ಳೋದು, ತಿನ್ನೋಕೆ ಹಾಕೋರ ಮುಂದೆ ಬಾಲ ಅಲ್ಲಾಡಿಸೋದು, ದಬ್ಬೆ ಕಟ್ಟಿದ್ರೂ ಬಾಲ ಡೊಂಕೇ ಉಳಿಯೋದು, ಇವು ಮೂರೂ ಗ್ಯಾರಂಟಿ ನಾಯಿದು. ಬಾಲಂಗೋಚಿ ಮಾತ್ರ ಗಾಳಿಪಟದ್ದು.

ಪ್ರಶ್ನೆ: ಬೆಕ್ಕು ಸಾಕಿರೋ ನಮಗೇನೂ ಇಲ್ವಾ?

ಉತ್ತರ: ಬೆಕ್ಕಿನ ಮೇಲೆ ಬೈಗುಳ ಕಮ್ಮಿ, ಡೌಟು ಜಾಸ್ತಿ. ಕಳ್ಳ ಬೆಕ್ಕು, ಕಣ್ಣು ಮುಚ್ಕೊಂಡು ಹಾಲು ಕುಡಿಯೋ ಬೆಕ್ಕು, ಇಲಿಗೆ ಪ್ರಾಣಸಂಕಟ ಆಗ್ತಿದ್ರೆ ಚೆಲ್ಲಾಟ ಆಡೋ ಬೆಕ್ಕು. ಪಾಪ ಅನ್ನಿಸೋದು ಕಾಲು ಸುಟ್ಟ ಬೆಕ್ಕು ಒಂದೇ, ಅದನ್ನೂ ಒಂದು ಕಡೆ ಕೂರದೆ ಚಡಪಡಿಸೋರನ್ನ ಆಡ್ಕೊಳ್ಳೋಕೇ ಇಟ್ಕೊಂಡಿದೀವಿ.