ಬ್ಯಾಂಕ್ ಮ್ಯಾನೇಜರ್‌ಗೆ ಚರ್ಚಿನ ಲೆಕ್ಕವೂ ಬೇಕಾ?

ಪ್ರಶ್ನೆ: ನಾನು ಮುಂಬೈಯ ಬ್ಯಾಂಕೊಂದರಲ್ಲಿ ಬ್ರಾಂಚ್ ಮ್ಯಾನೇಜರ್. ಊರು ಮಂಗಳೂರು ಕಡೆ. ಇಲ್ಲಿ ಮುಂಬೈಯಲ್ಲಿ ನಮ್ಮ ಕಥೋಲಿಕ ಚರ್ಚಿನ ಹಣಕಾಸು ಸಮಿತಿಗೆ ಬನ್ನಿ ಅಂತ ಫಾದರ್ ಕರೆಯುತ್ತಿದ್ದಾರೆ. "ಚರ್ಚಿನ ಎಫ್‌ಡಿ ಎಲ್ಲ ನಿಮ್ಮ ಬ್ರಾಂಚಿಗೇ ಬರುತ್ತೆ ಬಿಡಿ, ಟಾರ್ಗೆಟ್ ಮುಗೀತು" ಅಂತ ಆಫೀಸಿನವರ ತಮಾಷೆ. ಎರಡನ್ನೂ ನಿಭಾಯಿಸಿದವರು ಇದ್ದಾರಾ?
– ಓದುಗ, ಅಂಧೇರಿ

ಉತ್ತರ: ಇದ್ದಾರೆ, ಅದೂ ಸಣ್ಣಪುಟ್ಟವರಲ್ಲ. ಸ್ಟೀಫನ್ ಗ್ರೀನ್ 1982ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕ್ ಸೇರಿದರು, 1988ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಪಾದ್ರಿಯಾದರು, ಆದರೂ ಬ್ಯಾಂಕ್ ಬಿಡಲಿಲ್ಲ. 2003ರಲ್ಲಿ ಸಿಇಒ ಆದರು, 2006ರಿಂದ 2010ರವರೆಗೆ ಅಧ್ಯಕ್ಷರು, ಆಮೇಲೆ ಬ್ರಿಟನ್ನಿನ ವ್ಯಾಪಾರ ಸಚಿವರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ 2012ರಲ್ಲಿ, ಮೆಕ್ಸಿಕೋದ ಡ್ರಗ್ಸ್ ಹಣವನ್ನು ತಡೆಯಲಿಲ್ಲ ಅನ್ನೋ ಪ್ರಕರಣದಲ್ಲಿ ಆ ಬ್ಯಾಂಕು ಅಮೆರಿಕದಲ್ಲಿ ಸುಮಾರು 190 ಕೋಟಿ ಡಾಲರ್ ಕಟ್ಟಬೇಕಾಯಿತು. ಗ್ರೀನ್ ಮೇಲೆ ಕೇಸ್ ಆಗಲಿಲ್ಲ. ಆದರೂ ಅವರಿಗೆ ಏನೇನು ಗೊತ್ತಿತ್ತು ಅಂತ ಬ್ರಿಟನ್ನಿನ ವಿರೋಧಪಕ್ಷ ಕೇಳದೆ ಬಿಡಲಿಲ್ಲ. ಪಾದ್ರಿ ಅಂದಮೇಲೆ ಜನ ಜಾಸ್ತಿನೇ ಕೇಳ್ತಾರೆ.

ನಿಮ್ಮ ವಿಷಯಕ್ಕೆ ಬರೋಣ. ಸಮಿತಿಗೆ ಹೋಗಿ. ಕಥೋಲಿಕ ಚರ್ಚಿನದೇ ಕಾನೂನಾದ 1983ರ ಕ್ಯಾನನ್ ಕಾನೂನಿನ 537ನೇ ನಿಯಮದ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ (ಅಂದರೆ ನಿಮ್ಮ ಚರ್ಚಿನಂಥ ಪ್ಯಾರಿಷ್‌ಗೂ) ಹಣಕಾಸು ಸಮಿತಿ ಇರಲೇಬೇಕು, ಲೆಕ್ಕ ಬಲ್ಲವರು ಸಿಗದೆ ಎಷ್ಟೋ ಕಡೆ ಅದು ಹೆಸರಿಗಷ್ಟೇ ಇರುತ್ತೆ. ಆದರೆ ಎಫ್‌ಡಿ ಮಾತ್ರ ನಿಮ್ಮ ಬ್ರಾಂಚಿಗೆ ಬೇಡ. ಬಡ್ಡಿ ನಿಮ್ಮಲ್ಲೇ ಜಾಸ್ತಿ ಇದ್ದರೂ ಬೇಡ, ಯಾಕಂದ್ರೆ ನಾಳೆ ಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ನಿಮ್ಮ ಉತ್ತರ ಎಷ್ಟೇ ಸರಿಯಿದ್ದರೂ ನಂಬೋರು ಅರ್ಧ ಜನ. ಬಿಷಪ್ ಮಟ್ಟದ ಸಮಿತಿಯಲ್ಲಿ ಬಿಷಪ್ಪರ ಹತ್ತಿರದ ನೆಂಟರು ಇರಬಾರದು ಅಂತ ಅದೇ ಕಾನೂನಿನ 492ನೇ ನಿಯಮ ಹೇಳುತ್ತೆ. ಅಲ್ಲೂ ಇದೇ ಯೋಚನೆ.

ನಿಮ್ಮ ಬ್ಯಾಂಕಿಗೂ ಮೊದಲೇ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ತೆಗೆದಿಟ್ಟುಕೊಳ್ಳಿ. ಹಾಲ್ ರಿಪೇರಿಗೆ ಸಾಲ ಅಂತ ಫಾದರ್ ನಿಮ್ಮ ಬ್ರಾಂಚಿಗೆ ಬಂದರೆ ಆ ಫೈಲನ್ನು ಬೇರೆಯವರು ನೋಡಲಿ.

ಇನ್ನೊಂದು. ಚರ್ಚ್ ಟ್ರಸ್ಟಾಗಿ ನೋಂದಣಿಯಾಗಿದ್ದರೆ ಜಾಗ ಮಾರೋಕೆ ಟ್ರಸ್ಟುಗಳನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ, ಅಂದರೆ ಚಾರಿಟಿ ಕಮಿಷನರ್ ಅನುಮತಿ ಬೇಕು, ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 36ನೇ ಸೆಕ್ಷನ್ ಹಾಗೆ ಹೇಳುತ್ತೆ. ಮುಂಬೈಯಲ್ಲಿ ಚರ್ಚಿನ ಜಾಗ ಅಂದರೆ ಬಿಲ್ಡರುಗಳು ಸುಮ್ನೆ ಕೂರೋರಲ್ಲ. ಆ ಮಾತು ಬಂದ ದಿನ ಮೊದಲು ವಕೀಲರನ್ನು ಕರೆಸಿ.