ಆಂಪ್ಲಿಫೈಯರ್‌ಗೆ ಸ್ವೀಪ್ (ಆವರ್ತನ ಸತತ ಏರುತ್ತ ಹೋಗುವ ಪರೀಕ್ಷಾ ಸಿಗ್ನಲ್) ಕೊಟ್ಟರೆ ಸ್ಕೋಪ್‌ನಲ್ಲಿ (ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್) ಚಿತ್ರ ಯಾಕೆ ನಿಲ್ಲುವುದಿಲ್ಲ?

ಸ್ಕೋಪ್ ಅಲೆಯ ಮೇಲೆಯೇ ಟ್ರಿಗರ್ ಆಗುತ್ತಿದೆ (ಗೆರೆ ಎಳೆಯಲು ಶುರು ಮಾಡುವ ಸೂಚನೆಯನ್ನು ಅಲೆಯಿಂದಲೇ ಪಡೆಯುತ್ತಿದೆ), ಅದಕ್ಕೆ. ಸ್ವೀಪ್‌ನಲ್ಲಿ ಆವರ್ತನ ಸತತ ಬದಲಾಗುವುದರಿಂದ ಗೆರೆ ಪ್ರತಿ ಸಲ ಬೇರೆ ಆವರ್ತನದಿಂದ ಶುರುವಾಗುತ್ತದೆ. ಸ್ವೀಪ್ ಕೊಡುವ ಸಿಗ್ನಲ್ ಜನರೇಟರ್‌ನ ಸ್ವೀಪ್ ಸಿಂಕ್ ಔಟ್‌ಪುಟ್ (ಪ್ರತಿ ಸ್ವೀಪ್ ಶುರುವಾಗುವಾಗ ಸೂಚನೆ ಕೊಡುವ ಔಟ್‌ಪುಟ್) ಅನ್ನು ಸ್ಕೋಪ್‌ನ ಎಕ್ಸ್‌ಟರ್ನಲ್ ಟ್ರಿಗರ್‌ಗೆ ಜೋಡಿಸಿ. ಆಗ ಗೆರೆಯೂ ಸ್ವೀಪೂ ಒಟ್ಟಿಗೆ ಹೊರಡುತ್ತವೆ. ಅಡ್ಡ ಅಕ್ಷದಲ್ಲಿ ಸಮಯದ ಬದಲು ಆವರ್ತನವನ್ನೇ ಓದಬಹುದು.

ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗುವ ಮೈಕ್‌ಸೆಟ್ ಆಂಪ್ಲಿಫೈಯರ್ ನೋಡಬೇಕೆಂದುಕೊಳ್ಳಿ. 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ 1 ಸೆಕೆಂಡಿನ ಲಾಗ್ ಸ್ವೀಪ್ (ಆವರ್ತನ ಹತ್ತು ಪಟ್ಟಾಗಲು ಪ್ರತಿ ಸಲವೂ ಅಷ್ಟೇ ಸಮಯ), ಸ್ಕೋಪ್‌ನಲ್ಲಿ ಚೌಕಕ್ಕೆ 100 ಮಿಲಿಸೆಕೆಂಡ್. ಹತ್ತು ಚೌಕದ ಪರದೆಯಲ್ಲಿ 1 ಕಿಲೋಹರ್ಟ್ಜ್ ಎಡದಿಂದ ಸುಮಾರು 5.7 ಚೌಕ ದೂರದಲ್ಲಿ ಬರುತ್ತದೆ. ಬಾಸ್ ಗುಂಡಿ ತಿರುಗಿಸಿ, ಎಡಭಾಗ ಉಬ್ಬುವುದು ಕಣ್ಣಿಗೇ ಕಾಣುತ್ತದೆ. (ಸ್ಪೀಕರ್ ಬಿಚ್ಚಿ, ತಕ್ಕ ವ್ಯಾಟೇಜಿನ ರೆಸಿಸ್ಟರ್ ಹಾಕಿಕೊಳ್ಳಿ; ಇಲ್ಲದಿದ್ದರೆ ಕಿವಿಗೆ ಕಷ್ಟ.) ಚೂಪಾದ ಫಿಲ್ಟರ್ (ಕಿರಿದಾದ ಆವರ್ತನ ಪಟ್ಟಿಯನ್ನಷ್ಟೇ ಬಿಡುವ ಸರ್ಕ್ಯೂಟ್) ಇದ್ದರೆ ಸ್ವೀಪ್ ನಿಧಾನ ಮಾಡಿ. ಅದಕ್ಕೆ ಸ್ಪಂದಿಸಲು ಸಮಯ ಸಿಗದಿದ್ದರೆ ಶಿಖರ ತಗ್ಗಿ, ಪಕ್ಕಕ್ಕೆ ಸರಿದು ಕಾಣುತ್ತದೆ.